ಸಹಾಯ ಬೇಕು: ಸೂಪರಿಂಟೆಂಡೆಂಟ್ ಸರ್ ಬೀಳ್ಕೊಡುಗೆ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಸೂಪರಿಂಟೆಂಡೆಂಟ್ ಸರ್ ಈ ತಿಂಗಳ ಕೊನೆಗೆ ವಯೋನಿವೃತ್ತಿ ಹೊಂದುತ್ತಾರೆ. ಕೊನೆಯ ದಿನ ಪ್ರಭಾರ ಹಸ್ತಾಂತರ, ಬೇಬಾಕಿ ಪತ್ರದ (ಏನೂ ಬಾಕಿ ಇಲ್ಲವೆಂಬ ಪತ್ರ) ಸಹಿ ಅಂತ ಅವರಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ಹಾಗಾಗಿ ಸನ್ಮಾನವನ್ನು ಎರಡು ದಿನ ಮೊದಲೇ, ಮಧ್ಯಾಹ್ನ ಮೂರಕ್ಕೆ ಇಟ್ಟುಕೊಂಡಿದ್ದೇವೆ.

ಮುಖ್ಯವಾಗಿ ಬೇಕಿರುವುದು ಅಭಿನಂದನಾ ಪತ್ರಕ್ಕೆ ಕೈ. ಎ3 ಅಳತೆ, ಹೆಚ್ಚೆಂದರೆ 120 ಪದ. ಅದಕ್ಕಿಂತ ಉದ್ದವಾದರೆ ಅಕ್ಷರ ಸಣ್ಣದಾಗಿ ಗೋಡೆಯ ಮೇಲೆ ಓದಲಾಗದು. 'ಸರಳ ಸಜ್ಜನಿಕೆಯ' ಥರದ ಮಾತು ಬೇಡ, ಅದು ಯಾರಿಗಾದರೂ ಹೊಂದುತ್ತದೆ. ಅಂಕಪಟ್ಟಿ, ಮರುಮೌಲ್ಯಮಾಪನ, ಹೆಸರು ತಿದ್ದುಪಡಿಯಲ್ಲಿ ಅವರು ನೆರವಾದ ಒಂದು ನಿಜ ಸಂಗತಿಯನ್ನು ಹಳೆಯ ವಿದ್ಯಾರ್ಥಿಗಳು ಎರಡು ಸಾಲಿನಲ್ಲಿ ಕಳಿಸಿ. ಯೂನಿಕೋಡ್‌ನಲ್ಲೇ ಇರಲಿ: 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಕೊಟ್ಟರೆ ಪ್ರೆಸ್ಸಿನಲ್ಲಿ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುತ್ತವೆ. ಅಚ್ಚಿಗೆ ಪಿಡಿಎಫ್ ಮಾತ್ರ ಹೋಗಬೇಕು. ಹೆಸರು, ಇನಿಷಿಯಲ್ ಸೇವಾ ಪುಸ್ತಕದಲ್ಲಿ ಇದ್ದಂತೆ ಇದೆಯೇ ಅಂತ ಇಬ್ಬರು ನೋಡಲಿ.

ಮೈಸೂರು ಪೇಟ ಚಿಕ್ಕಪೇಟೆಯಿಂದ ತರುವವರು ಬೇಕು. ತಲೆಯ ಸುತ್ತಳತೆ ಅವರ ಮನೆಯವರಿಂದ ಗುಟ್ಟಾಗಿ ಕೇಳಿ. ಅಂದಾಜಿನ ಪೇಟ ಫೋಟೊ ಹೊತ್ತಿಗೆ ಕಣ್ಣಿಗೆ ಇಳಿಯುತ್ತದೆ. ಸರ್ ಅವರ ಪತ್ನಿ ಮೇಡಂಗೂ ವೇದಿಕೆಯಲ್ಲಿ ಕುರ್ಚಿ, ಸೀರೆ ಇರಲಿ. ಶಾಲು ಎರಡೇ ಸಾಕು, ಬೀರುವಿನಲ್ಲಿ ಕೊಳೆಯುವುದಕ್ಕೆ ಇನ್ನಷ್ಟು ಯಾಕೆ? ಉಳಿದ ದುಡ್ಡನ್ನು ಲಕೋಟೆಯಲ್ಲಿಟ್ಟು ಸರ್‌ಗೇ ಕೊಡೋಣ.

ಕೆ.ಆರ್. ಮಾರ್ಕೆಟ್ಟಿನಿಂದ ಅವತ್ತು ಬೆಳಿಗ್ಗೆಯೇ ಹಾರ ತರಬಲ್ಲವರು ಯಾರಾದರೂ ಇದ್ದರೆ ಕೆಳಗೆ ತಿಳಿಸಿ.