ಅಪ್ಪ ಮೊಬೈಲಲ್ಲಿ ಆಟ (ಯಕ್ಷಗಾನ) ನೋಡುತ್ತಾರೆ, ಕರೆಂಟ್ ಬಿಲ್ ಮಾತ್ರ ಕೌಂಟರಲ್ಲೇ ಕಟ್ಟುತ್ತಾರೆ. ಎಂತ ಮಾಡೋದು?

ಕಾಪುದವ:
ಅಪ್ಪನಿಗೆ 72. ಮನೆ ಕಾಪು ಹತ್ತಿರ, ನಾನಿರುವುದು ಮಂಗಳೂರಲ್ಲಿ. ಕಳೆದ ವರ್ಷ ಒಳ್ಳೆ ಫೋನ್ ತೆಗೆಸಿಕೊಟ್ಟೆ. ರಾತ್ರಿ ಊಟ ಆದಮೇಲೆ ಅದನ್ನು ಸ್ಟೀಲ್ ಚೆಂಬಿಗೆ ಒರಗಿಸಿಟ್ಟು ಯೂಟ್ಯೂಬಲ್ಲಿ ಯಕ್ಷಗಾನ ಹಾಕಿದರೆ ಹನ್ನೊಂದೂವರೆವರೆಗೆ ಏಳುವುದಿಲ್ಲ, ಯಾವ ಭಾಗವತರ ಪದ ಹೇಗೆ ಹುಡುಕಬೇಕು ಅಂತ ಈಗ ನನಗೇ ಹೇಳಿಕೊಡುತ್ತಾರೆ. ಆದರೆ ಮೆಸ್ಕಾಂ ಬಿಲ್ ಬಂತೋ, ಕೊಡೆ ಹಿಡಿದು ಬಸ್ ಹತ್ತಿದರು. ಜುಲೈಯಲ್ಲಿ ಹಾಗೇ ಹೋಗಿ ಮಳೆಯಲ್ಲಿ ನೆನೆದು ಜ್ವರ ಬಂತು. ನಾನು ಇಲ್ಲಿಂದಲೇ ಎರಡು ನಿಮಿಷದಲ್ಲಿ ಕಟ್ಟುತ್ತೇನೆ ಅಂದರೆ "ರಶೀದಿ ಎಲ್ಲಿ?" ಅಂತಾರೆ. ಸುಮ್ನೆ ಹಟವಾ ಇದು, ಅಥವಾ ನನಗೆ ಗೊತ್ತಾಗದ್ದು ಏನಾದರೂ ಉಂಟಾ?

ಕಡಿಯಾಳಿ ಹುಡುಗ:
ಹಟ ಅಲ್ಲ ಮಾರಾಯ್ರೆ. ನಮ್ಮ ಕಡೆಯ ಹಳಬರಿಗೆ ಬ್ಯಾಂಕ್ ಅಂದರೆ ಒಂದು ಪರಿಚಯದ ಮುಖ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಅನ್ನುವ ದಿನದ ಉಳಿತಾಯ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕು, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ನನ್ನ ಅಪ್ಪನೂ ಪಿಗ್ಮಿ ಏಜೆಂಟ್. ದಿನಾ ಸಂಜೆ ಅಂಗಡಿ ಅಂಗಡಿ ಸುತ್ತಿ ಐದೋ ಹತ್ತೋ ತೆಗೆದುಕೊಂಡು ಅಲ್ಲೇ ಬರೆದುಕೊಡುತ್ತಿದ್ದರು. ಲೆಕ್ಕ ತಪ್ಪಿದರೆ ಮರುದಿನ ಅದೇ ಮನುಷ್ಯ ಸಿಗುತ್ತಾನೆ, ನಿಲ್ಲಿಸಿ ಕೇಳಬಹುದು. ಆ್ಯಪಲ್ಲಿ ಚಕ್ರ ತಿರುಗುತ್ತಾ ಇದ್ದರೆ ಯಾರ ಹತ್ತಿರ ಕೇಳುವುದು? ಅದರ ಮೇಲೆ ಆ ಬ್ಯಾಂಕೂ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿಹೋಯಿತು. ಬೋರ್ಡ್ ಬದಲು, ಕೋಡ್ ಬದಲು. ನಮ್ಮ ಅಪ್ಪ ಹಳೇ ಪಾಸ್‌ಬುಕ್ ಇನ್ನೂ ಬಿಸಾಡಿಲ್ಲ.

ಸುರತ್ಕಲ್ ಅಕ್ಕ:
ನನ್ನ ಅಮ್ಮ 40 ವರ್ಷ ಬೀಡಿ ಕಟ್ಟಿದವರು. ಬೆರಳಿನ ಗೆರೆಯೇ ಸವೆದುಹೋಗಿದೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ ತೆಗೆದುಕೊಳ್ಳುವುದಿಲ್ಲ. ಸೆರಗಲ್ಲಿ ಒರೆಸಿ ಮತ್ತೆ ಒತ್ತುತ್ತಾರೆ, ಆಗಲೂ ಇಲ್ಲ, ಹಿಂದೆ ಸಾಲಲ್ಲಿ ಇದ್ದವರೆಲ್ಲ ನೋಡುತ್ತಾ ಇರುತ್ತಾರೆ. ಅಮ್ಮನಿಗೆ ಹೆದರಿಕೆ ಅಲ್ಲ, ನಾಚಿಕೆ. ಓಟಿಪಿ ಬರುವುದು ಇಂಗ್ಲಿಷಲ್ಲಿ, ಅಮ್ಮ ಮಾತಾಡುವುದು ತುಳು, ಓದಿದ್ದು ಕನ್ನಡದಲ್ಲಿ ನಾಲ್ಕನೇ ಕ್ಲಾಸ್. "ಕಲಿಯಿರಿ" ಅನ್ನುವುದು ಸುಲಭ.

ಕೀಪ್ಯಾಡ್:
ಹಳಬರು ಮಾತ್ರ ಅಂತ ಯಾರು ಹೇಳಿದ್ದು? ನನಗೆ 34, ಸಾಫ್ಟ್‌ವೇರ್ ಕೆಲಸ, ಜೇಬಲ್ಲಿರುವುದು ಕೀಪ್ಯಾಡ್ ಫೋನ್. ಇಡೀ ದಿನ ಸ್ಕ್ರೀನ್ ನೋಡಿ ಸಾಕಾದವನಿಗೆ ಮಲ್ಪೆಯಲ್ಲಿ ಬಂಗುಡೆ ತೆಗೆದುಕೊಳ್ಳುವಾಗಲೂ ಅದೇ ಬೇಕಾ? (ಇದನ್ನು ಬರೆಯುತ್ತಿರುವುದು ಆಫೀಸ್ ಕಂಪ್ಯೂಟರಲ್ಲಿ, ನಗಬೇಡಿ.)

ಬಜ್ಪೆ ಬಸ್:
ನನ್ನ ಮಾವ ಹಳೇ ಸೋಫಾ ಮಾರಲು ಹೋಗಿ 18 ಸಾವಿರ ಕಳೆದುಕೊಂಡರು. ತೆಗೆದುಕೊಳ್ಳುವವನು ಅಂತ ಒಬ್ಬ ಕ್ಯೂಆರ್ ಕೋಡ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತದೆ" ಅಂದ. ಯುಪಿಐಯಲ್ಲಿ ದುಡ್ಡು ಬರಲಿಕ್ಕೆ ಪಿನ್ ಬೇಡವೇ ಬೇಡ, ಹೋಗಲಿಕ್ಕೆ ಮಾತ್ರ ಬೇಕು. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ತಡೆಯುವ ಚಾನ್ಸ್ ಇತ್ತು, ಮಾವ ಮರ್ಯಾದೆಗೆ ಅಂಜಿ ಮೂರು ದಿನ ಬಾಯಿ ಬಿಡಲಿಲ್ಲ. ನಿಮ್ಮ ಅಪ್ಪನಿಗೆ ಬೇರೆ ಒಂದು ಅಕೌಂಟ್ ತೆರೆದು ಅದರಲ್ಲಿ ಎರಡು ಸಾವಿರ ಮಾತ್ರ ಇಡಿ. ಹೋದರೂ ಅಷ್ಟೇ ಹೋಗುತ್ತದೆ ಅಂತ ಗೊತ್ತಿದ್ದರೆ ಕೈ ನಡುಗುವುದಿಲ್ಲ.

ಕಾಪುದವ:
ನಿನ್ನೆ ಜಗಳ ಮಾಡದೆ ಕೇಳಿದೆ. "ಆಟ ನೋಡುವಾಗ ತಪ್ಪು ಒತ್ತಿದರೆ ಬೇರೆ ಪ್ರಸಂಗ ಬರುತ್ತದೆ ಅಷ್ಟೆ, ಬಿಲ್ ಹಾಗಾ?" ಅಂದರು. ಒಳಗಿಂದ ಅಮ್ಮ ಇನ್ನೊಂದು ಹೇಳಿದರು: ಕೌಂಟರಿಂದ ಬರುವಾಗ ಹೋಟೆಲಲ್ಲಿ ಗೋಳಿಬಜೆ ತಿಂದು ಹಳೇ ದೋಸ್ತಿಗಳ ಜೊತೆ ಒಂದು ಗಂಟೆ ಪಂಚಾತಿಕೆ ಉಂಟಂತೆ! ಬಿಲ್ ನಾನೇ ಕಟ್ಟಿ ರಶೀದಿ ಪ್ರಿಂಟ್ ತೆಗೆದು ಶನಿವಾರ ತರುತ್ತೇನೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, "ಮಳೆಗಾಲಕ್ಕೆ ಮಾತ್ರ" ಅಂದರು.