ನರ್ಮದಾ ಪರಿಕ್ರಮ ನಡೆದೇ ಮಾಡುವ ಆಸೆ, ಗದ್ದಲ ಇಲ್ಲದ ಹಾಗೆ ಹೋಗೋದು ಹೇಗೆ?

ದಾವಣಗೆರೆ_ನಡಿಗೆ:

ಎಲ್ಲರಿಗೂ ನಮಸ್ಕಾರ. ಸ್ವಯಂ ನಿವೃತ್ತಿ ತಗೊಂಡಿದ್ದೇನೆ, ವಯಸ್ಸು 56, ಮಂಡಿ ಸದ್ಯಕ್ಕೆ ಮಾತು ಕೇಳುತ್ತಿದೆ. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋದವನು, ಪಂಢರಪುರದ ದಿಂಡಿಯಲ್ಲೂ ಹೋಗಿದ್ದೇನೆ. ನಡೆಯೋದು ಇಷ್ಟ. ಆದರೆ ಆ ಜನ, ಆ ಮೈಕು, ಹಿಂದೆ ಮುಂದೆ ಟ್ರ್ಯಾಕ್ಟರು, ಅದು ಸಾಕಾಗಿದೆ. ನರ್ಮದಾ ನದಿಗೇ ಪ್ರದಕ್ಷಿಣೆ ಹಾಕುವ ಪರಿಕ್ರಮದ ಬಗ್ಗೆ ಕೇಳಿದಾಗಿನಿಂದ ತಲೆಯಲ್ಲಿ ಅದೇ ಕೂತಿದೆ.

ಗೊತ್ತಿರುವುದು ಇಷ್ಟು: ನದಿಯನ್ನು ಬಲಗಡೆ ಇಟ್ಟುಕೊಂಡು ನಡೆಯಬೇಕು, ಮಧ್ಯೆ ಎಲ್ಲೂ ದಾಟಬಾರದು, ಓಂಕಾರೇಶ್ವರದಿಂದ ಹೆಚ್ಚು ಜನ ಶುರು ಮಾಡುತ್ತಾರೆ. ಕಾರ್ತಿಕದಲ್ಲಿ ಅಲ್ಲಿ ತುಂಬಾ ಜನ ಸೇರುತ್ತಾರಂತೆ. ಹಾಗಾದರೆ ಸ್ವಲ್ಪ ತಡವಾಗಿ, ಡಿಸೆಂಬರ್ ಮಧ್ಯದಲ್ಲಿ ಹೊರಟರೆ ದಾರಿ ಖಾಲಿ ಇರುತ್ತಾ? ಶೂಲಪಾಣಿ ಕಾಡಿನಲ್ಲಿ ದರೋಡೆ ಅಂತಾರಲ್ಲ, ಈಗಲೂ ಇದೆಯಾ? ನನ್ನ ಹಿಂದಿ ಅಷ್ಟಕ್ಕಷ್ಟೇ.

ಇನ್ನೊಂದು ಕೇಳೋಕೆ ಮುಜುಗರ. ಕೈಯಲ್ಲಿ ದುಡ್ಡಿದೆ, ಪಿಂಚಣಿ ಬರುತ್ತೆ. ಹಾಗಿರುವಾಗ ಬಡವರ ಮನೆ ಬಾಗಿಲಲ್ಲಿ ನಿಂತು ಊಟ ತಗೊಳ್ಳೋದು ನನ್ನ ಕೈಲಿ ಆಗಲ್ಲ ಅನಿಸುತ್ತೆ. ದಾರಿಯಲ್ಲಿ ಲಾಡ್ಜ್, ಹೋಟೆಲ್ ಮಾಡಿಕೊಂಡು ಹೋಗಬಹುದಾ?

ಸಾಗರದಾಕೆ:

ಅಣ್ಣ, ಕೊನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ಉಳಿದದ್ದೆಲ್ಲ ಹೇಗೋ ಆಗುತ್ತೆ.

ಲಾಡ್ಜ್ ಸಿಗೋದು ದೊಡ್ಡ ಊರುಗಳಲ್ಲಿ ಮಾತ್ರ. ನರ್ಮದಾಪುರಂ, ಬಡವಾನಿ, ಭರೂಚ್, ಜಬಲ್ಪುರ ಇಂಥ ಕಡೆ. ಮಧ್ಯದ ಹಳ್ಳಿಗಳಲ್ಲಿ ಇರುವುದು ಆಶ್ರಮ, ದೇವಸ್ಥಾನದ ಜಗಲಿ, ಇಲ್ಲವೇ ಯಾರದೋ ಮನೆಯ ಪಡಸಾಲೆ. ಈ ದಾರಿ ನಡೆಯುತ್ತಿರುವುದೇ ಸದಾವ್ರತದ ಮೇಲೆ, ಅಂದರೆ ಯಾತ್ರಿಕರಿಗೆ ಪುಕ್ಕಟೆ ಕೊಡೋ ಊಟ, ದಿನಸಿ. ಕೊಡುವವರು ಪುಣ್ಯ ಅಂತ ಕೊಡುತ್ತಾರೆ, ನೀವು ಬೇಡ ಅಂದರೆ ಅವರಿಗೆ ಬೇಜಾರು.

ನಾನು ಮತ್ತು ನಮ್ಮಕ್ಕ ಒಂದು ಹಳ್ಳಿಗೆ ಸಂಜೆ ತಲುಪಿದಾಗ ಏನಾಯ್ತು ಹೇಳ್ತೀನಿ. ಬೇವಿನ ಮರದ ಕಟ್ಟೆ ಮೇಲೆ ಕೂತಿದ್ದ ಅಜ್ಜ ದೂರದಿಂದಲೇ ‘ನರ್ಮದೇ ಹರ್’ ಅಂತ ಕೂಗಿ, ‘ಎಷ್ಟು ಮೂರ್ತಿ?’ ಅಂತ ಕೇಳಿದ. ಪರಿಕ್ರಮದವರನ್ನು ಅಲ್ಲಿ ಎಣಿಸೋದೇ ಹಾಗೆ. ಎರಡು ಅಂದೆವು. ಮನೆ ಒಳಗಿಂದ ಸೊಸೆ ಸ್ಟೀಲ್ ತಟ್ಟೆ ತಂದಳು. ತಟ್ಟೆ ತುಂಬ ಗೋಧಿ ಹಿಟ್ಟು, ಒಂದು ಮೂಲೆಯಲ್ಲಿ ಎರಡು ಹಿಡಿ ತೊಗರಿಬೇಳೆ, ಆಲೂಗಡ್ಡೆ, ನಾಲ್ಕು ಹಸಿಮೆಣಸಿನಕಾಯಿ, ಪೇಪರ್ ಚೂರಿನಲ್ಲಿ ಉಪ್ಪು ಅರಿಶಿನ. ಮೂರು ಕಲ್ಲು, ಒಂದಷ್ಟು ಕುಳ್ಳು ತೋರಿಸಿ ಹೋದಳು. ಟಿಕ್ಕಡ್ ಅಂತ ದಪ್ಪ ರೊಟ್ಟಿ ಮಾಡ್ತಾರೆ ಅಲ್ಲಿ, ನಮ್ಮದು ಹೊರಗೆ ಕರಕಲು, ಒಳಗೆ ಹಸಿ. ನೋಡ್ತಾ ನಿಂತಿದ್ದ ಸೊಸೆಗೆ ತಡೆಯಲಿಲ್ಲ, ಬಂದು ನಮ್ಮನ್ನು ಪಕ್ಕಕ್ಕೆ ಸರಿಸಿ ತಾನೇ ಬೇಯಿಸಿಕೊಟ್ಟಳು. ಬೆಳಿಗ್ಗೆ ದುಡ್ಡು ಕೊಡಲು ಹೋದರೆ ಅಜ್ಜ ತಗೊಳ್ಳಲಿಲ್ಲ. ನಮ್ಮ ಕಾಲಿಗೆ ಬೀಳೋಕೆ ಬಂದ. ಅವನ ವಯಸ್ಸಿಗೆ!

ಆಗ ನಾಚಿಕೆ ಆಗುತ್ತೆ ನಿಜ. ಆ ನಾಚಿಕೆ ಕಳೆಯೋಕೇ ಈ ನಡಿಗೆ ಇರೋದು ಅಂತ ನನಗೆ ಅನಿಸುತ್ತೆ. ಕೊಡೋದು ನಮಗೆ ಸುಲಭ, ಯಾಕಂದ್ರೆ ಕೊಡುವಾಗ ನಾವೇ ಒಂದು ಮೆಟ್ಟಿಲು ಮೇಲೆ ನಿಂತಿರ್ತೀವಿ. ತಗೊಳ್ಳೋದು ಕಷ್ಟ. ದುಡ್ಡಿದ್ದರೆ ಆಶ್ರಮದ ಹುಂಡಿಗೆ ಹಾಕಿ, ಅಕ್ಕಿಮೂಟೆ ಕೊಡಿಸಿ, ಪಾತ್ರೆ ತೊಳೆಯಿರಿ, ಅಂಗಳ ಗುಡಿಸಿ. ಹಳ್ಳಿ ಮಕ್ಕಳಿಗೆ ಚಾಕಲೇಟು ಹಂಚೋದು ಮಾತ್ರ ಬೇಡ. ಈಗ ಎಲ್ಲಿ ಹೋದರೂ ಮಕ್ಕಳು ಕೈ ಚಾಚಿಕೊಂಡು ಓಡಿ ಬರ್ತಾವೆ, ಅದು ನಮ್ಮಂಥವರೇ ಕಲಿಸಿದ್ದು.

ಇನ್ನು ಓಂಕಾರೇಶ್ವರದಿಂದ ಹೊರಡೋದಾದರೆ ಒಂದು ನೆನಪಿರಲಿ. ಜ್ಯೋತಿರ್ಲಿಂಗ ಇರೋದು ನದಿ ನಡುವಿನ ದ್ವೀಪದಲ್ಲಿ. ಸಂಕಲ್ಪ ಮಾಡಿದ ಮೇಲೆ ಅಲ್ಲಿಗೆ ಹೋಗೋ ಹಾಗಿಲ್ಲ, ನದಿ ದಾಟಿದ ಹಾಗಾಗುತ್ತೆ. ಮೊದಲೇ ದರ್ಶನ ಮಾಡಿಕೊಳ್ಳಿ, ಆಮೇಲೆ ದಕ್ಷಿಣ ದಡದ ಮಮಲೇಶ್ವರ ದೇವಸ್ಥಾನ ಅಷ್ಟೇ. ಪರಿಕ್ರಮ ಮುಗಿದ ಮೇಲೆ ಬಾಟಲಿಯಲ್ಲಿ ಹೊತ್ತು ತಂದ ನರ್ಮದೆ ನೀರನ್ನು ಓಂಕಾರೇಶ್ವರನಿಗೆ ಅಭಿಷೇಕ ಮಾಡಿಸ್ತಾರೆ. ಅಂದಹಾಗೆ ಓಂಕಾರೇಶ್ವರದಲ್ಲಿ ನರ್ಮದೆಗೆ ಸೇರುವ ಒಂದು ಹೊಳೆಯ ಹೆಸರು ಕಾವೇರಿ! ನಮ್ಮಕ್ಕ ಅಲ್ಲಿ ನಿಂತು ತಲಕಾವೇರಿ ಕಥೆ ಎಲ್ಲ ಹೇಳೋಕೆ ಶುರು ಮಾಡಿದಳು, ಅವಳ ಹಿಂದಿಯಲ್ಲಿ.

ಬೆಳಗಾವಿ_ಚಪ್ಪಲಿ:

ಅಕ್ಕ ಹೇಳಿದ್ದು ಸರಿ, ಆದರೆ ಬರೀ ಭಕ್ತಿ ಕೇಳಿ ಹೊರಟು ಅರ್ಧಕ್ಕೆ ಬಸ್ ಹತ್ತಿದವರನ್ನು ಸುಮಾರು ಜನರನ್ನು ನೋಡಿದ್ದೇನೆ. ಸ್ವಲ್ಪ ಒರಟಾಗಿ ಹೇಳ್ತೀನಿ ಸರ್.

ನದಿ ಉದ್ದ 1312 ಕಿ.ಮೀ. ಎರಡೂ ದಡ ಸೇರಿದರೆ 2600 ದಾಟುತ್ತೆ. ಮೇಲಿಂದ ಬರ್ಗಿ, ಇಂದಿರಾ ಸಾಗರ, ಓಂಕಾರೇಶ್ವರ, ಸರ್ದಾರ್ ಸರೋವರ ಅಂತ ಸಾಲು ಅಣೆಕಟ್ಟು. ಹಳೇ ಕಾಲುದಾರಿ ಎಷ್ಟೋ ಕಡೆ ಹಿನ್ನೀರಿನ ಅಡಿಯಲ್ಲಿದೆ. ಹಾಗಾಗಿ ಸುತ್ತಿ ಬಳಸಿ ಹೋಗಬೇಕು, ದೂರ ಇನ್ನೂ ಜಾಸ್ತಿ, ಮತ್ತು ದಿನಗಟ್ಟಲೆ ನದಿ ಕಣ್ಣಿಗೇ ಬೀಳಲ್ಲ. ಡಾಂಬರು ರಸ್ತೆ, ಪಕ್ಕದಲ್ಲಿ ಲಾರಿ. ನದಿ ದಂಡೆಯಲ್ಲೇ ತಂಗಾಳಿಯಲ್ಲಿ ನಡೀತೀನಿ ಅನ್ನೋ ಚಿತ್ರ ತಲೆಯಲ್ಲಿದ್ದರೆ ಅದನ್ನು ಇಲ್ಲೇ ಬಿಟ್ಟು ಹೋಗಿ. ಹರ್ಸೂದ್ ಅನ್ನೋ ಇಡೀ ಪಟ್ಟಣ 2004ರಲ್ಲಿ ಇಂದಿರಾ ಸಾಗರಕ್ಕೆ ಹೋಯ್ತು. ಸರ್ದಾರ್ ಸರೋವರ 2017ರಲ್ಲಿ ಉದ್ಘಾಟನೆ ಆಯ್ತು, ಹಳೇ ಶೂಲಪಾಣೇಶ್ವರ ದೇವಸ್ಥಾನ ಅದಕ್ಕೂ ಮುಂಚೆಯೇ ಮುಳುಗಿತ್ತು, ಈಗಿನದು ಗೋರಾದಲ್ಲಿ ಹೊಸದಾಗಿ ಕಟ್ಟಿದ್ದು. ಹೊಲ ಮನೆ ಎಲ್ಲ ನೀರಿಗೆ ಹೋಗಿ ಪುನರ್ವಸತಿ ಊರಿಗೆ ಬಂದವರೇ ನಿಮಗೆ ಚಹಾ ಕೊಟ್ಟು ಕೂರಿಸ್ತಾರೆ. ಅವರು ಹೇಳೋದನ್ನು ಕೇಳಿಸಿಕೊಳ್ಳಿ, ಎದ್ದು ಓಡಬೇಡಿ.

ಶೂಲಪಾಣಿ ಝಾಡಿ, ಅಂದರೆ ನೀವು ಕೇಳಿದ ಕಾಡು, ಬರೋದು ದಕ್ಷಿಣ ದಡದಲ್ಲಿ, ಬಡವಾನಿ ದಾಟಿದ ಮೇಲೆ, ಸಾತ್ಪುಡಾ ಗುಡ್ಡಗಳಲ್ಲಿ. ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆ ಹಾದು ಗುಜರಾತಿಗೆ ಹೋಗುತ್ತೆ. ಹಿಂದೆ ಅಲ್ಲಿನ ಆದಿವಾಸಿ ಭಿಲ್ಲರು ಬಟ್ಟೆ ಸಮೇತ ಎಲ್ಲ ತಗೊಂಡು ಬಿಡ್ತಿದ್ದರು, ಹೋದವರು ಅದನ್ನೂ ನರ್ಮದಾ ಮೈಯಾ ಪರೀಕ್ಷೆ ಅಂತಲೇ ತಗೊಳ್ತಿದ್ದರು. ಈಗ ಅದೇ ಗುಡ್ಡಗಳಲ್ಲಿ ಊಟ ಹಾಕೋರು, ದಾರಿ ತೋರಿಸೋರು ಭಿಲ್ಲರೇ. ನನ್ನ ಲೆಕ್ಕದಲ್ಲಿ ಇಡೀ ಪರಿಕ್ರಮದಲ್ಲಿ ನಿಜವಾದ ಮೌನ ಇರೋದು ಅಲ್ಲೇ. ಏರು ಇಳಿವು ಕಠಿಣ, ಮೊಬೈಲ್ ಸಿಗ್ನಲ್ ಇಲ್ಲ, ಒಬ್ಬರೇ ಹೋಗಬೇಡಿ. ಆಗಲ್ಲ ಅನಿಸಿದರೆ ಶಹಾದಾ, ಪ್ರಕಾಶಾ ಕಡೆಯಿಂದ ರಸ್ತೆ ದಾರಿ ಇದೆ, ಎಷ್ಟೋ ಜನ ಹಾಗೇ ಹೋಗ್ತಾರೆ.

ಡಿಸೆಂಬರ್ ಮಧ್ಯದಲ್ಲಿ ಹೊರಡೋ ಯೋಚನೆ ಬೇಡವೇ ಬೇಡ. ಜನ ಕಡಿಮೆ ಇರ್ತಾರೆ ಸರಿ, ಕೊನೆಗೆ ಮೇ ತಿಂಗಳಲ್ಲಿ ಓಂಕಾರೇಶ್ವರ ಸುತ್ತಲಿನ ನಿಮಾಡ ಸೀಮೆಯ ಬಿಸಿಲಿಗೆ ಸಿಕ್ಕಿಕೊಳ್ತೀರಿ. ಅಲ್ಲಿ 40 ಡಿಗ್ರಿ ದಾಟೋದು ದೊಡ್ಡ ವಿಷಯ ಅಲ್ಲ. ಚಾತುರ್ಮಾಸಕ್ಕೆ ಒಂದೇ ಕಡೆ ನಿಂತು ಮೂರು ವರ್ಷ ಮೂರು ತಿಂಗಳು ಹದಿಮೂರು ದಿನದ ಹಳೇ ಪದ್ಧತಿಯಲ್ಲಿ ಮಾಡೋರಿಗೆ ಆತುರ ಇಲ್ಲ. ನಮಗೆ ನಿಮಗೆ ಇದೆ.

ನೀವು ನವೆಂಬರಿನಲ್ಲೇ ಹೊರಡಿ, ಜಾಗ ಬದಲಾಯಿಸಿ. ನದಿ ಹುಟ್ಟುವ ಅಮರಕಂಟಕದಿಂದ ಶುರು ಮಾಡಿ. ಬಿಲಾಸ್‌ಪುರಕ್ಕೆ ಹೋದರೆ ಅಲ್ಲಿಂದ ಪೇಂಡ್ರಾ ರೋಡ್ ಸ್ಟೇಷನ್, ಮೇಲಕ್ಕೆ ಜೀಪು, ಬಸ್ಸು. ಓಂಕಾರೇಶ್ವರದಿಂದ ಹೊರಟ ಗುಂಪು ಆಗ ನಿಮಗಿಂತ ನೂರಾರು ಕಿಲೋಮೀಟರ್ ಮುಂದೆ, ಸಮುದ್ರದ ಕಡೆ ಹೋಗ್ತಿರುತ್ತೆ. ನೀವು ದಕ್ಷಿಣ ದಡದಲ್ಲಿ ಆರಾಮಾಗಿ ಇಳಿದು ಬನ್ನಿ. ಮೊದಲ ವಾರಗಳಲ್ಲಿ ಚಳಿ ಇರುತ್ತೆ, ಸಾವಿರ ಮೀಟರಿನ ಮೇಲಿರೋ ಊರು ಅದು, ಒಳ್ಳೆ ಕಂಬಳಿ ಬೇಕು. ಆದರೆ ಕೊನೆಗೆ ಬಿಸಿಲು ಏರೋ ಹೊತ್ತಿಗೆ ನೀವು ದಿಂಡೋರಿ ಕಡೆಯ ಸಾಲ್ ಮರಗಳ ಕಾಡು ಸೇರಿರ್ತೀರಿ. ಇದೊಂದೇ ಲೆಕ್ಕಾಚಾರಕ್ಕೆ ನಾನು ಅಮರಕಂಟಕಕ್ಕೆ ಮತ ಹಾಕೋದು.

ಚೀಲ ಹಗುರ ಇರಲಿ. ಹೊಸ ಶೂ ಹಾಕಿಕೊಂಡು ಹೋಗಬೇಡಿ. ಉಳಿದದ್ದು ಅಲ್ಲಿ ಸಿಗುತ್ತೆ.

ಕಲಬುರಗಿ_ಕಾಕಾ:

ಇಷ್ಟೆಲ್ಲ ಯಾಕೆ ತಮ್ಮಾ, ಮೊದಲು ಉತ್ತರವಾಹಿನಿ ಪರಿಕ್ರಮ ಮಾಡಿ ನೋಡು. ಗುಜರಾತಿನಲ್ಲಿ ತಿಲಕವಾಡ, ರಾಮಪುರಾ ನಡುವೆ ನದಿ ಉತ್ತರಕ್ಕೆ ಹರಿಯುತ್ತೆ, ಚೈತ್ರ ಮಾಸದಲ್ಲಿ ಆ ಸುತ್ತು, ಸುಮಾರು 21 ಕಿ.ಮೀ. ಅಷ್ಟೇ. ಒಂದೇ ದಿನದ ಕೆಲಸ. ಹತ್ತಿರದಲ್ಲೇ ಗರುಡೇಶ್ವರ, ದತ್ತ ಸಂಪ್ರದಾಯದ ಸನ್ಯಾಸಿ ಟೇಂಬೆ ಸ್ವಾಮಿಗಳ ಸಮಾಧಿ, 1914ರಲ್ಲಿ ಅವರು ದೇಹ ಬಿಟ್ಟ ಜಾಗ. ಗಾಣಗಾಪುರಕ್ಕೆ ನಡೆದುಕೊಳ್ಳೋ ನಮ್ಮಂಥವರಿಗೆ ಅದೂ ಒಂದು ಯಾತ್ರೆ. ದತ್ತ ಭಕ್ತರು ಬೇಕಾದಷ್ಟು ಜನ ಸಿಗ್ತಾರೆ, ಮರಾಠಿ ಬಂದರೆ ಸಾಕು, ಹಿಂದಿ ಚಿಂತೆ ಬೇಡ.

ಬೆಳಗಾವಿ_ಚಪ್ಪಲಿ:

ಕಾಕಾ, ಅವರು ಕೇಳಿದ್ದು ಗದ್ದಲ ಇಲ್ಲದ ದಾರಿ. ಚೈತ್ರದಲ್ಲಿ ಉತ್ತರವಾಹಿನಿಗೆ ಹೋದರೆ ಪಂಢರಪುರವೇ ವಾಸಿ ಅನ್ನೋ ಹಾಗಾಗುತ್ತೆ! ಗರುಡೇಶ್ವರ ಮಾತ್ರ ಬಿಡಬಾರದು, ಒಪ್ಪಿದೆ. ಅದು ಉತ್ತರ ದಡದಲ್ಲಿದೆ ಸರ್, ಸಮುದ್ರ ದಾಟಿ ವಾಪಸ್ ಬರುವಾಗ ಸಿಗುತ್ತೆ.

ದಾವಣಗೆರೆ_ನಡಿಗೆ:

ಸಮುದ್ರ ದಾಟೋದಾ? ನದಿ ದಾಟಬಾರದು ಅಂದರಲ್ಲ.

ಸಾಗರದಾಕೆ:

ನದಿ ಮುಗಿಯೋ ಕಡೆ ದಾಟೋದು ಅಣ್ಣ, ಅದಕ್ಕೆ ಅಡ್ಡಿ ಇಲ್ಲ. ಅಂಕಲೇಶ್ವರ, ಹಾಂಸೋಟ್ ಆದ ಮೇಲೆ ಕಠಪೋರ್ ಅಂತ ಊರು. ಅಲ್ಲಿಂದ ದೋಣಿ, ಆಚೆ ಮಿಠಿ ತಲಾಯಿ. ಉಬ್ಬರ ಬಂದಾಗಲೇ ದೋಣಿ ಬಿಡೋದು. ಅದು ನಡುರಾತ್ರಿ ಇರಬಹುದು, ನಸುಕು ಇರಬಹುದು. ಹೆಸರು ಬರೆಸಿ ಕಾಯ್ತಾ ಕೂರಬೇಕು. ಜನ ಜಾಸ್ತಿ ಇದ್ದರೆ ಮರುದಿನ. ಮೀನು ಹಿಡಿಯೋ ದೋಣಿ, ನೆರಳಿಲ್ಲ, ಕೆಲವು ಗಂಟೆ ಹಿಡಿಯುತ್ತೆ, ವಾಂತಿ ಮಾಡಿಕೊಳ್ಳೋರು ಪಕ್ಕದಲ್ಲೇ ಇರ್ತಾರೆ. ಮಾತ್ರೆ ಇಟ್ಟುಕೊಳ್ಳಿ. ಅಲ್ಲಿ ಗಲಾಟೆ ಇರುತ್ತೆ, ಅದೊಂದು ಕಡೆ ಸಹಿಸಿಕೊಳ್ಳಿ.

ಮೌನ ಬೇಕು ಅಂದರೆ ಇನ್ನೊಂದು ಮಾತು. ದೊಡ್ಡ ಆಶ್ರಮಗಳಿಗೆ ಸಂಜೆ ಎಲ್ಲರೂ ಬಂದು ಸೇರ್ತಾರೆ, ಜಾಗಕ್ಕೆ ಜಗಳ, ರಾತ್ರಿಯಿಡೀ ಗೊರಕೆ. ಒಂದು ಕಡೆ ಆಧಾರ್ ಕಾರ್ಡ್ ನೋಡಿ ‘ಇಷ್ಟು ದೂರದಿಂದ ಹೆಣ್ಣುಮಕ್ಕಳು ಇಬ್ಬರೇ ಯಾಕೆ ಬಂದ್ರಿ’ ಅಂತ ಅರ್ಧ ಗಂಟೆ ಉಪದೇಶ ಮಾಡಿದರು, ಆಮೇಲೆ ಜಾಗ ಇಲ್ಲ ಅಂದರು. ಎರಡು ಮೂರು ಕಿಲೋಮೀಟರ್ ಮುಂಚೆಯೇ ಸಿಗೋ ಸಣ್ಣ ಕುಟೀರದಲ್ಲಿ ರಾತ್ರಿಗೆ ಆಸನ ಹಾಕಿಬಿಡಿ. ಒಬ್ಬ ಬಾಬಾ, ಒಂದು ಹಸು, ಅಷ್ಟೇ ಇರುತ್ತೆ. ಬೆಳಿಗ್ಗೆ ಎಲ್ಲರೂ ಬೇಗ ಹೊರಟು ಹೋಗ್ತಾರೆ, ನೀವು ಒಂದು ತಾಸು ತಡ ಮಾಡಿ ಹೊರಡಿ. ದಾರಿ ನಿಮ್ಮದೇ.

ಹಿಂದಿ ಚಿಂತೆ ಬಿಡಿ. ನಿಮಾಡಿ, ಭಿಲ್ಲರ ಮಾತು, ಗುಜರಾತಿ, ಹಿಂದಿ ಬಂದವರಿಗೂ ಅರ್ಧ ತಿಳಿಯಲ್ಲ. ‘ನರ್ಮದೇ ಹರ್’ ಒಂದರಲ್ಲೇ ನಮಸ್ಕಾರ, ನೀರು ಕೊಡಿ, ಹೋಗಿ ಬರ್ತೀನಿ ಎಲ್ಲ ಆಗುತ್ತೆ.

ನದಿಯಲ್ಲಿ ಸೋಪು ಹಾಕಬೇಡಿ. ಮೊಸಳೆ ಇವೆ ಅಂತ ಊರವರು ಹೇಳಿದ ಕಡೆ ನೀರಿಗೆ ಇಳಿಯಬೇಡಿ, ಚೊಂಬಿನಲ್ಲಿ ತಗೊಂಡು ದಡದಲ್ಲೇ ಸ್ನಾನ.

ಒಂದು ಕೇಳ್ಲಾ? ಅತ್ತಿಗೆಯವರ ವಿಷಯ ಎಲ್ಲೂ ಬರಲೇ ಇಲ್ಲ. ಅವರಿಗೆ ನಡೆಯೋಕೆ ಇಷ್ಟ ಇದೆಯಾ ಅಂತ ಕೇಳಿದ್ರಾ?

ದಾವಣಗೆರೆ_ನಡಿಗೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮರಕಂಟಕ ಅಂತ ತೀರ್ಮಾನ ಮಾಡಿದೆ, ಕಾರ್ತಿಕ ಹುಣ್ಣಿಮೆ ಕಳೆದ ಮೇಲೆ. ಝಾಡಿಯಲ್ಲಿ ಜೊತೆ ಸಿಕ್ಕರೆ ಒಳದಾರಿ, ಇಲ್ಲದಿದ್ದರೆ ಪ್ರಕಾಶಾ ರಸ್ತೆ. ಕಾಕಾ, ಗರುಡೇಶ್ವರದಲ್ಲಿ ನಿಮ್ಮ ಹೆಸರಲ್ಲಿ ಒಂದು ನಮಸ್ಕಾರ ಹಾಕ್ತೀನಿ. ಊಟದ ವಿಷಯ ಇನ್ನೂ ಪೂರ್ತಿ ಗಂಟಲಲ್ಲಿ ಇಳಿದಿಲ್ಲ ತಂಗಿ, ಹೋಗಿ ನೋಡ್ತೀನಿ.

ಮನೆಯಲ್ಲಿ ಕೇಳಿದೆ. ‘ಆರು ತಿಂಗಳು ಒಲೆ ಮುಂದೆ ನೀವು ಕೂರೋದಾದರೆ ನಾನೂ ಬರ್ತೀನಿ’ ಅಂದಳು. ಹಾಗಾಗಿ ಈಗ ಎರಡು ಮೂರ್ತಿ. ಟಿಕ್ಕಡ್‌ಗೆ ಹಿಟ್ಟು ಎಷ್ಟು ಗಟ್ಟಿ ಕಲಸಬೇಕು, ಯಾರಾದರೂ ಹೇಳಿ. ನವೆಂಬರ್ ಒಳಗೆ ಕಲಿಯಬೇಕು.