ಶತ್ರುವೇ ಇಲ್ಲದ ಪ್ರೇಮಕಾದಂಬರಿ: ನಡುಭಾಗವನ್ನು ಹಿಡಿದು ನಿಲ್ಲಿಸುವುದು ಯಾವುದು?

ನಾಲೆ ಏರಿ (ಮಂಡ್ಯ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನವೆಂಬರ್ ತಿಂಗಳ ಮೂವತ್ತು ದಿನಗಳಲ್ಲಿ 50,000 ಪದ ಬರೆಯುವ ಪಣವನ್ನು ಹಲವು ದೇಶಗಳ ಬರಹಗಾರರು ತೊಡುವುದನ್ನು ನೋಡಿ ನಾನೂ ಕಳೆದ ವರ್ಷ ದಿನಕ್ಕೆ 1,667 ಪದಗಳ ಲೆಕ್ಕ ಇಟ್ಟುಕೊಂಡು ಒಂದು ಕಾದಂಬರಿಗೆ ಕೈ ಹಾಕಿದೆ. ನಾನು ಬರೆದ ಬಗೆಯ ಕಥೆಯನ್ನು ಇಂಗ್ಲಿಷಿನವರು ಕೋಜಿ ಫ್ಯಾಂಟಸಿ ರೊಮ್ಯಾನ್ಸ್ ಎನ್ನುತ್ತಾರೆ. ಇದರಲ್ಲಿ ಮಾಯೆಯೂ ಪ್ರೀತಿಯೂ ಇರುತ್ತವೆ, ಆದರೆ ರಾಜ್ಯ ಮುಳುಗಿಸುವ ಯುದ್ಧವಿರುವುದಿಲ್ಲ. ಒಂದು ಅಂಗಡಿಯೋ ಅಡುಗೆಮನೆಯೋ ಇದ್ದು, ನಾಲ್ಕಾರು ಮಂದಿಯ ಬದುಕು ಕೊನೆಗೆ ನೆಮ್ಮದಿಯ ದಡ ಸೇರುತ್ತದೆ.

ನನ್ನ ನಾಯಕಿ ಅಜ್ಜಿಯಿಂದ ಬಂದ ಆಲೆಮನೆಯನ್ನು ನಡೆಸುವವಳು. ಅವಳ ಮನೆತನದವರು ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿದರೆ ಕಾಯಿಸಿದವರ ಮನಸ್ಸು ಬೆಲ್ಲಕ್ಕೆ ಇಳಿಯುತ್ತದೆ. ಸಿಟ್ಟಿನಲ್ಲಿ ತಿರುವಿದ ಪಾಕ ಅಚ್ಚಿಗೆ ಕೂರುವುದೇ ಇಲ್ಲ. ನಾಯಕ ಆ ಊರಿನ ನೀರುಗಂಟಿ, ನಾಲೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಮೇಲಿನ ಊರುಗಳಲ್ಲಿ ನೀರು ಕೇಳಿಸಿಕೊಂಡು ಬಂದ ಮಾತು ತೂಬಿನ ಬಳಿ ನಿಂತ ಅವನ ಕಿವಿಗೆ ಬೀಳುತ್ತದೆ.

ಪದಗಳ ಲೆಕ್ಕ ನನ್ನನ್ನು ಬಹಳ ದಿನ ದುಃಖಕ್ಕೆ ಹಚ್ಚಿತು. ಕಥೆ 34,000 ಪದಕ್ಕೆ ಮುಗಿದಾಗ ಸೋತೆನೆಂದೇ ಭಾವಿಸಿದೆ. ‘ಬರಬೇಕಾಗಿತ್ತಂತೆ’ ಎಂಬ ಒಂದು ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ಐದಾರು ಪದಗಳಾದರೂ ಬೇಕು, ಆದ್ದರಿಂದ ಆ ಭಾಷೆಯ ಅಳತೆಗೋಲನ್ನು ನಮ್ಮ ಕಾದಂಬರಿಗೆ ಹಿಡಿಯಬಾರದಿತ್ತು ಎಂಬುದು ತಡವಾಗಿ ಹೊಳೆಯಿತು.

ಈಗ ಉಳಿದಿರುವ ತೊಂದರೆ ಒಂಬತ್ತನೆಯ ಅಧ್ಯಾಯದಿಂದ ಹದಿನೇಳನೆಯದರವರೆಗಿನ ಭಾಗದ್ದು. ಅಲ್ಲಿ ಕಥೆ ಸಡಿಲಾಗಿದೆ. ಹಸ್ತಪ್ರತಿ ಓದಿದ ಗೆಳತಿಯ ಸಲಹೆಯಂತೆ ಆಲೆಮನೆಯನ್ನು ಕಬಳಿಸಲು ಹೊಂಚು ಹಾಕುವ, ಸಾಲ ಕೊಟ್ಟವನೊಬ್ಬನನ್ನು ತಂದು ಮೂರು ಅಧ್ಯಾಯ ಬರೆದೆ. ಅವನು ಬಂದ ಕೂಡಲೇ ನಾಯಕಿ ಬಾಗಿಲು ಹಾಕಿಕೊಂಡು ಉಪಾಯ ಹೂಡತೊಡಗಿದಳು, ಪುಟಗಳಿಂದ ಬೆಲ್ಲದ ಘಮವೇ ಹೊರಟುಹೋಯಿತು. ಮೂರನ್ನೂ ಅಳಿಸಿದೆ. ಶತ್ರುವಿಲ್ಲದೆ ಓದುಗರನ್ನು ಮುಂದಿನ ಪುಟಕ್ಕೆ ಕರೆದೊಯ್ಯುವುದು ಯಾವುದು? ಇನ್ನೊಂದು ಸಂದೇಹವೂ ಇದೆ: ನಾಯಕಿ ನೀರುಗಂಟಿಯನ್ನು ಏನೆಂದು ಕರೆಯಬೇಕು?

ಕುಕ್ಕರಹಳ್ಳಿ ಓದುಗ (ಮೈಸೂರು)

ಸಾಲ ಕೊಟ್ಟವನನ್ನು ಅಳಿಸಿ ಒಳ್ಳೆಯದು ಮಾಡಿದಿರಿ. ನಿಮ್ಮ ಪ್ರಶ್ನೆಗೆ ನಮ್ಮ ಅಜ್ಜಿಯರು ಬಹಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ ಎಂದು ನನಗೆ ಅನ್ನಿಸುತ್ತದೆ. 1929ರಲ್ಲಿ ಇದೇ ಮೈಸೂರಿನಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಅವರು ಕನ್ನಡದ ಜನಪದ ಕಥೆಗಳನ್ನು ಸಂಗ್ರಹಿಸುವಾಗ, ಮನೆಯೊಳಗೆ ಮಕ್ಕಳಿಗೆ ಊಟ ಮಾಡಿಸುತ್ತ ಹೆಂಗಸರು ಹೇಳುವ ಕಥೆಗಳ ಲೋಕವೇ ಬೇರೆ, ವೃತ್ತಿಗಾಯಕರು ಊರ ನಡುವೆ ಹಾಡುವ ವೀರಕಥೆಗಳ ಲೋಕವೇ ಬೇರೆ ಎಂಬುದನ್ನು ಬಿಡಿಸಿ ತೋರಿಸಿದರು. ನೀವು ಬರೆಯುತ್ತಿರುವುದು ಒಳಮನೆಯ ಕಥೆ. ಅದರ ನಡುಭಾಗಕ್ಕೆ ಊರಬಯಲಿನ ಕತ್ತಿಯನ್ನು ತಂದರೆ ಹೊಂದುವುದಿಲ್ಲ.

ಅವರು ಸಂಗ್ರಹಿಸಿದ, ಹೂವಿನ ಗಿಡವಾಗುವ ಹುಡುಗಿಯ ಕಥೆಯನ್ನು ನೆನಪು ಮಾಡಿಕೊಳ್ಳಿ. ಬಿಂದಿಗೆಯ ನೀರನ್ನು ಉಗುರು ತಾಗದಂತೆ ಹುಯ್ದರೆ ಅವಳು ಗಿಡವಾಗುತ್ತಾಳೆ, ಎಲೆ ಕುಡಿ ಮುರಿಯದಂತೆ ಹೂ ಬಿಡಿಸಿಕೊಂಡು ಮತ್ತೆ ನೀರು ಹುಯ್ದರೆ ಹುಡುಗಿಯಾಗುತ್ತಾಳೆ. ಅಲ್ಲಿ ಅನಾಹುತವಾಗುವುದು ರಾಕ್ಷಸನಿಂದಲ್ಲ; ನಾದಿನಿ ಮತ್ತು ಅವಳ ಜೊತೆಯವರು ಕೊಂಬೆ ಮುರಿದು, ಹೇಳಿದಂತೆ ನೀರು ಹುಯ್ಯದೆ ಹೊರಟುಹೋಗುವುದರಿಂದ. ಕೊನೆಗೆ ಗಂಡ ಕೈಯಾರೆ ಆರೈಕೆ ಮಾಡಿದಾಗಲೇ ಅವಳು ಮತ್ತೆ ಇಡಿಯಾಗುತ್ತಾಳೆ. ನಿಮ್ಮ ಬೆಲ್ಲಕ್ಕೂ ಅಷ್ಟೇ ನಾಜೂಕಾದ ನಿಯಮವಿದೆ. ಅವಳನ್ನು ಪ್ರೀತಿಸುವವರೇ ಅದನ್ನು ಅರಿಯದೆ ಮುರಿಯುವ ಸಂದರ್ಭ ಎಲ್ಲಿದೆ ಎಂದು ಹುಡುಕಿ ನೋಡಿ.

ಕಟ್ಟು ನೀರು (ಪಾಂಡವಪುರದ ಕಡೆ)

ಸಾಹಿತ್ಯದ ವಿಚಾರ ನನಗೆ ಅಷ್ಟು ತಿಳಿಯದು. ಆದರೆ ಆಲೆಮನೆಯಲ್ಲಿ ಬೆಳೆದವನಾದ್ದರಿಂದ ಹೇಳುತ್ತೇನೆ, ಶತ್ರುವಿನ ಕೆಲಸವನ್ನು ಅಲ್ಲಿ ಹೊತ್ತು ಮಾಡುತ್ತದೆ. ಕಡಿದ ಕಬ್ಬನ್ನು ಬೇಗ ಅರೆಯದೆ ಎರಡು ಮೂರು ದಿನ ಬಿಟ್ಟರೆ ಅದರ ಸಕ್ಕರೆ ಒಡೆದು ಬೆಲ್ಲ ಗಟ್ಟಿಯಾಗುವುದಿಲ್ಲ. ನಮ್ಮ ತಾತ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಬಿಟ್ಟು, ಮೇಲೆದ್ದ ಕಲ್ಮಶವನ್ನು ತೆಗೆದ ಮೇಲೆ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಪಾಕದ ಗುಳ್ಳೆ ದಪ್ಪವಾಗಿ ಸದ್ದು ಬದಲಾದಾಗ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟು, ಎರಡು ಬೆರಳಲ್ಲಿ ಹೊರಳಿಸಿ ನೋಡುತ್ತಿದ್ದರು. ಉಂಡೆ ಹಿಡಿದರೆ ಆ ಕ್ಷಣವೇ ಇಳಿಸಬೇಕು. ಬೇಗ ಇಳಿಸಿದರೆ ಅಚ್ಚಿಗೆ ಕೂರದು, ಕೊಂಚ ತಡವಾದರೂ ಸೀದುಹೋಗುತ್ತದೆ. ನಿಮ್ಮ ನಾಯಕಿ ಆ ಕ್ಷಣದಲ್ಲಿ ತೂಬಿನ ಕಡೆಗೆ ಒಮ್ಮೆ ತಿರುಗಿ ನೋಡಿದಳು ಎಂದಿಟ್ಟುಕೊಳ್ಳಿ, ಒಂದು ಕೊಪ್ಪರಿಗೆ ಬೆಲ್ಲವೇ ಹೋಯಿತು.

ಇನ್ನೊಂದು ವಿಚಾರವನ್ನು ನೀವು ಬಳಸಿಕೊಂಡಂತೆ ಕಾಣುವುದಿಲ್ಲ. ಕೃಷ್ಣರಾಜಸಾಗರದಿಂದ ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಡುವಾಗ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುತ್ತಾರೆ. ಹಾಗಾದರೆ ನಿಮ್ಮ ನೀರುಗಂಟಿಗೆ ಅವಳ ಗದ್ದೆಯ ಬಳಿ ಕೆಲಸವಿರುವುದು ನೀರಿನ ದಿನಗಳಲ್ಲಿ ಮಾತ್ರ. ಅದಕ್ಕಿಂತ ಮುಖ್ಯವಾದದ್ದು, ಕಬ್ಬು ಬಲಿತು ಸಿಹಿ ಏರಬೇಕಾದರೆ ಕಡಿಯುವ ಮೊದಲು ಗದ್ದೆಗೆ ನೀರು ಕಟ್ಟುವುದನ್ನೇ ನಿಲ್ಲಿಸಬೇಕು. ಅಂದರೆ ತನ್ನ ಬೆಲ್ಲ ಚೆನ್ನಾಗಬೇಕಾದರೆ ನೀರು ತರಬೇಡ ಎಂದು ಅವಳೇ ಅವನಿಗೆ ಹೇಳಬೇಕಾಗುತ್ತದೆ. ನಿಮಗೆ ಬೇಕಾದ ನಡುಭಾಗ ಇದರಲ್ಲೇ ಇದೆ ಎಂದು ನನ್ನ ಭಾವನೆ.

ಸರಸ್ವತಿಪುರಂ ನಿವಾಸಿ (ಮೈಸೂರು)

ಸಂಬೋಧನೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಕಡೆಯ ಹಳ್ಳಿಗಳಲ್ಲಿ ಪರಿಚಯದ ಗಂಡಸನ್ನು ಹೆಣ್ಣುಮಗಳು ‘ಅಣ್ಣ’ ಎಂದು ಕರೆಯುವುದು ವಾಡಿಕೆ, ಹಾಗೆ ಒಮ್ಮೆ ಕರೆದರೆ ಈ ಕಥೆಗೆ ದಾರಿಯೇ ಮುಚ್ಚಿಹೋಗುತ್ತದೆ. ‘ಬಾವ’ ಎಂದರೆ ಊರೇ ಮದುವೆ ನಿಶ್ಚಯ ಮಾಡಿಬಿಡುತ್ತದೆ. ಆದ್ದರಿಂದ ಅವಳು ಯಾವ ಹೆಸರನ್ನೂ ಹಿಡಿಯದೆ, ‘ನೀರು ಬಂತಾ?’, ‘ತೂಬು ಎತ್ತಿದ್ದಾಯಿತಾ?’ ಎಂದು ಕ್ರಿಯೆಯನ್ನು ಮಾತ್ರ ಕೇಳಿ ಮಾತು ಮುಗಿಸಲಿ. ಅವಳು ಏನೆಂದೂ ಕರೆಯುತ್ತಿಲ್ಲ ಎಂಬುದನ್ನು ಮೊದಲು ಗಮನಿಸುವವರು ಕೆಲಸದ ಹೆಂಗಸರಾಗಿರಲಿ. ಆಮೇಲೆ ಎಷ್ಟೋ ದಿನಗಳಿಗೆ ‘ನೀವು’ ಬರಲಿ. ‘ನೀನು’ ಎಂಬುದನ್ನು ದಯವಿಟ್ಟು ಕೊನೆಯವರೆಗೆ ಕೈಯಲ್ಲೇ ಇಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಮೆಟ್ಟಿಲೇ ಇಲ್ಲ, ನಮಗಿದೆ.

ಸಣ್ಣ ಸಂಗತಿಗಳಿಂದ ಕಾದಂಬರಿ ನಿಂತೀತೇ ಎಂಬ ಅಳುಕು ನಿಮಗಿದ್ದರೆ, ನಿಮ್ಮ ಜಿಲ್ಲೆಯ ಕಿಕ್ಕೇರಿಯವರೇ ಆದ ಕೆ. ಎಸ್. ನರಸಿಂಹಸ್ವಾಮಿಯವರನ್ನು ನೆನೆಯಿರಿ. 1942ರ ‘ಮೈಸೂರ ಮಲ್ಲಿಗೆ’ಯಲ್ಲಿ ಬಳೆಗಾರನೊಬ್ಬ ತವರಿನಲ್ಲಿರುವ ಹೆಂಡತಿಯ ಸುದ್ದಿ ಹೊತ್ತು ಬಾಗಿಲಿಗೆ ಬರುವುದೇ ಒಂದು ದೊಡ್ಡ ಘಟನೆ.

ಒಲೆಯ ಮುಂದೆ (ಮದ್ದೂರು)

ಒಂದೇ ಮಾತು. ಬೆಚ್ಚನೆಯ ಕಥೆ ಎಂದು ದುಡಿಮೆಯನ್ನು ಮರೆಮಾಡಬೇಡಿ. ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುವವರ ಕಣ್ಣು ಹೊಗೆಯಿಂದ ಉರಿಯುತ್ತದೆ, ಮುಂಗೈಯ ಕೂದಲು ಸುಟ್ಟಿರುತ್ತದೆ. ಕಾಯಿಸುವವರ ಮನಸ್ಸು ಬೆಲ್ಲಕ್ಕೆ ಇಳಿಯುವುದಾದರೆ ಉರಿ ಹಾಕುವವಳ ಮನಸ್ಸೂ ಇಳಿಯಲೇಬೇಕು. ಅವಳಿಗೂ ಒಂದು ಅಧ್ಯಾಯ ಕೊಡಿ.

ನಾಲೆ ಏರಿ (ಮಂಡ್ಯ)

ಎಲ್ಲರಿಗೂ ಕೃತಜ್ಞಳು. ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಒಂಬತ್ತರಿಂದ ಹದಿನೇಳರವರೆಗಿನ ಅಧ್ಯಾಯಗಳನ್ನು ನೀರಿನ ದಿನ, ನೀರಿಲ್ಲದ ದಿನಗಳ ಕ್ರಮದಲ್ಲಿ ಮತ್ತೆ ಜೋಡಿಸಿದೆ. ಉರಿ ಹಾಕುವ ಹೆಂಗಸಿಗೆ ಹನ್ನೆರಡನೆಯ ಅಧ್ಯಾಯ ಸಿಕ್ಕಿದೆ. ಅವಳು ಮಗಳ ನೆನಪಿನಲ್ಲಿ ಉರಿ ಹಾಕಿದ ದಿನದ ಬೆಲ್ಲ ತಿಂದವರು ಕಾರಣ ತಿಳಿಯದೆ ತವರಿಗೆ ಹೊರಡುತ್ತಾರೆ. ಬರೆಯುವಾಗ ನನ್ನ ಕಣ್ಣೂ ಒದ್ದೆಯಾಯಿತು.

ನಿಯಮವನ್ನು ಮುರಿಯುವವನು ನೀರುಗಂಟಿಯೇ. ನೀರು ಕಟ್ಟಬೇಡಿ ಎಂದು ಅವಳು ಹೇಳಿದ್ದನ್ನು ತನ್ನನ್ನೇ ಬರಬೇಡ ಎಂದಳೆಂದು ತಿಳಿದು ಅವನು ನೀರು ಹರಿಯುವ ಒಂದು ಕಟ್ಟು ಪೂರ್ತಿ ಆ ಕಡೆ ಸುಳಿಯುವುದಿಲ್ಲ, ಅವಳ ಪಾಕ ಮೂರು ಬಾರಿ ಅಚ್ಚಿಗೆ ಕೂರುವುದಿಲ್ಲ. ಆಮೇಲೆ ನಾಲೆ ಒಣಗಿರುವ ಒಂದು ಸಂಜೆ, ಯಾವ ಕೆಲಸವೂ ಇಲ್ಲದೆ, ಅವನು ಆಲೆಮನೆಯ ಮುಂದೆ ಬಂದು ನಿಲ್ಲುತ್ತಾನೆ. ಅಲ್ಲಿ ಅವಳ ಮಾತು ಮೊದಲು ‘ನೀರಿಲ್ಲದ ದಿನ ಬಂದಿರಲ್ಲ’ ಎಂದಿತ್ತು. ನಿನ್ನೆ ರಾತ್ರಿ ಅದೊಂದನ್ನು ತಿದ್ದಿದೆ. ಈಗ ಅವಳು ಅಚ್ಚು ತೊಳೆಯುತ್ತ, ತಲೆ ಎತ್ತದೆ, ‘ನೀರಿಲ್ಲದ ದಿನ ಬಂದೆಯಲ್ಲ’ ಎನ್ನುತ್ತಾಳೆ.